ಯಕೃತ್ತಿನ ಮೇದಸ್ಸು ಮತ್ತು ಮಲೆನಾಡಿನ ಮೂಲಿಕೆಗಳು: ಉಪ್ಪಗೆಯ ನಿದರ್ಶನ

ಶಿವಮೊಗ್ಗ, ಭದ್ರಾವತಿಗಳಲ್ಲಿ ಸಸ್ಯಶಾಸ್ತ್ರವನ್ನೋ ಜೀವರಸಾಯನಶಾಸ್ತ್ರವನ್ನೋ ಬೋಧಿಸುವವರಿಗೆ ತರಗತಿಯ ಹೊರಗೆ ಎದುರಾಗುವ ಪ್ರಶ್ನೆಗಳಲ್ಲಿ ಒಂದು ಈಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ಹೊಟ್ಟೆನೋವಿಗೆಂದೋ ಮೂತ್ರಪಿಂಡದ ಕಲ್ಲಿಗೆಂದೋ ಸ್ಕ್ಯಾನ್ ಮಾಡಿಸಿದವರ ವರದಿಯ ಕೊನೆಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’ ಎಂಬ ಒಂದು ಸಾಲು ಇರುತ್ತದೆ. ವೈದ್ಯರು ತೂಕವನ್ನು ಇಳಿಸಬೇಕು, ದಿನವೂ ನಡೆಯಬೇಕು ಎಂದು ಹೇಳಿ ಕಳುಹಿಸುತ್ತಾರೆ. ಔಷಧವನ್ನು ಬರೆದುಕೊಡುವುದು ಅಪರೂಪ. ಔಷಧವಿಲ್ಲದ ಚಿಕಿತ್ಸೆಯನ್ನು ಚಿಕಿತ್ಸೆಯೆಂದು ಒಪ್ಪುವುದು ನಮ್ಮ ಜನಕ್ಕೆ ಕಷ್ಟ. ಆಗ ಪ್ರಶ್ನೆ ನಮ್ಮ ಬಳಿಗೆ ಬರುತ್ತದೆ: ‘ನೀವು ಗಿಡಮೂಲಿಕೆಗಳನ್ನು ಓದಿದವರು. ಲಿವರಿನ ಕೊಬ್ಬಿಗೆ ಯಾವ ಸೊಪ್ಪು ಒಳ್ಳೆಯದು?’

ಈ ಲೇಖನಕ್ಕೆ ನಿಮಿತ್ತವಾದುದು ಅಂಥದೇ ಒಂದು ಭೇಟಿ. ಭದ್ರಾವತಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಬಟ್ಟೆಚೀಲದಿಂದ ಮೂರು ಡಬ್ಬಿಗಳನ್ನು ತೆಗೆದು ನಮ್ಮ ಮೇಜಿನ ಮೇಲೆ ಇಟ್ಟರು. ಒಂದರಲ್ಲಿ ನೆಲನೆಲ್ಲಿಯ ಚೂರ್ಣ; ಇನ್ನೊಂದರಲ್ಲಿ ಕರಿಮೆಣಸಿನ ಸಾರ ಸೇರಿದ ಅರಿಶಿನದ ಗುಳಿಗೆ; ಮೂರನೆಯದರ ಮೇಲೆ ‘ಗಾರ್ಸಿನಿಯಾ ಕ್ಯಾಂಬೋಜಿಯ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅವರು ಮೂಲತಃ ಹೊಸನಗರದ ಕಡೆಯವರು; ಬಾಲ್ಯದಲ್ಲಿ ಮಳೆಯಲ್ಲಿ ನೆನೆಯುತ್ತ ಉಪ್ಪಗೆ ಹಣ್ಣನ್ನು ಆರಿಸಿ ತಂದು, ಅದರ ಸಿಪ್ಪೆಯನ್ನು ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿದವರು. ಡಬ್ಬಿಯೊಳಗೆ ಇರುವುದು ಅದೇ ಉಪ್ಪಗೆಯ ಸಾರವೆಂದು ನಾವು ಹೇಳಿದಾಗ ಅವರು ನಂಬಲಾರದೆ ನಕ್ಕರು. ಎರಡು ವರ್ಷಗಳಿಂದ ರಕ್ತದ ಸಕ್ಕರೆಯನ್ನು ಪರೀಕ್ಷೆ ಮಾಡಿಸಿಲ್ಲವೆಂಬುದೂ ಮಾತಿನ ನಡುವೆ ತಿಳಿಯಿತು. ಡಬ್ಬಿಗಳಿಗೆ ಹಣ ವ್ಯಯವಾದುದಕ್ಕಿಂತ ಈ ಸಂಗತಿಯೇ ನಮ್ಮನ್ನು ಹೆಚ್ಚು ಕಳವಳಗೊಳಿಸಿತು. ಆ ಮೂರು ಡಬ್ಬಿಗಳು ಯಾವ ತರ್ಕದ ಬಲದಿಂದ ಅವರ ಚೀಲವನ್ನು ಸೇರಿದುವು, ಆ ತರ್ಕ ಎಲ್ಲೆಲ್ಲಿ ಗಟ್ಟಿ, ಎಲ್ಲೆಲ್ಲಿ ಟೊಳ್ಳು ಎಂಬುದನ್ನು ಕಾಲೇಜಿನ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮುಂದೆ ಇಡುವುದು ಇಲ್ಲಿ ನಮ್ಮ ಉದ್ದೇಶ.

ಮೊದಲು ವ್ಯಾಧಿಯ ಸ್ವರೂಪವನ್ನು ಸಂಗ್ರಹವಾಗಿ ಹೇಳಬೇಕು. ಯಕೃತ್ತಿನ ಜೀವಕೋಶಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚಿನವುಗಳಲ್ಲಿ ಮೇದಸ್ಸಿನ ಹನಿಗಳು ನಿಂತಿದ್ದರೆ ಅದನ್ನು ಕೊಬ್ಬುಗೂಡಿದ ಯಕೃತ್ತು ಎನ್ನುತ್ತಾರೆ. ಮದ್ಯಪಾನ ಇದಕ್ಕೆ ಹಳೆಯ ಕಾರಣ. ಮದ್ಯವನ್ನು ಮುಟ್ಟದವರಲ್ಲಿಯೂ ಇದು ಕಾಣುವುದರಿಂದ ಬಹುಕಾಲ ಇದಕ್ಕೆ ‘ಮದ್ಯೇತರ’ ಎಂಬ ವಿಶೇಷಣವನ್ನು ಹಚ್ಚುತ್ತಿದ್ದರು. ರೋಗವು ಏನಲ್ಲವೆಂಬುದನ್ನು ಮಾತ್ರ ತಿಳಿಸಿ ಏನೆಂಬುದನ್ನು ತಿಳಿಸದ ಹೆಸರು ಅದು. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಅದನ್ನು ಕೈಬಿಟ್ಟು, ದೇಹದ ಚಯಾಪಚಯದ ದೋಷದೊಡನೆ ಕೂಡಿದ ಯಕೃತ್ತಿನ ಮೇದೋರೋಗ ಎಂಬರ್ಥದ ಹೊಸ ಹೆಸರನ್ನು ಗೊತ್ತುಮಾಡಿದರು. ಹೆಸರಿನ ಬದಲಾವಣೆ ಕೇವಲ ಪಾಂಡಿತ್ಯದ ಸಂಗತಿಯಲ್ಲ. ಇನ್ಸುಲಿನ್ನಿನ ಮಾತನ್ನು ದೇಹ ಕೇಳದಿರುವುದು, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಇವೆಲ್ಲವೂ ಸೇರಿದ ಒಂದು ಕುಟುಂಬದಲ್ಲಿ ಯಕೃತ್ತಿನ ಮೇದಸ್ಸು ಒಬ್ಬ ಸದಸ್ಯನೆಂಬುದು ಅದರ ತಾತ್ಪರ್ಯ. ಭಾರತ ಸರ್ಕಾರವೂ 2021ರಲ್ಲಿ ಈ ವ್ಯಾಧಿಯನ್ನು ಮಧುಮೇಹ, ಹೃದ್ರೋಗ, ಕ್ಯಾನ್ಸರ್‌ಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿಸಿತು. ನಮ್ಮ ದೇಶದ ವಯಸ್ಕರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಇದು ಇದೆಯೆಂದು ಬೇರೆ ಬೇರೆ ಸಮೀಕ್ಷೆಗಳನ್ನು ಒಟ್ಟುಗೂಡಿಸಿದವರು ಎಣಿಸಿದ್ದಾರೆ.

ಇದು ಸ್ಥೂಲಕಾಯರ ರೋಗವೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಪಶ್ಚಿಮ ಬಂಗಾಳದ ಹಳ್ಳಿಗರಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ಯಕೃತ್ತಿನಲ್ಲಿ ಮೇದಸ್ಸು ಕಂಡವರ ಪೈಕಿ ಮುಕ್ಕಾಲು ಪಾಲು ಮಂದಿಯ ದೇಹತೂಕದ ಸೂಚ್ಯಂಕ 25ಕ್ಕಿಂತ ಕಡಮೆಯಿತ್ತು. ನೋಡುವುದಕ್ಕೆ ತೆಳ್ಳಗಿದ್ದು ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿರುವ ಮಧ್ಯವಯಸ್ಕರನ್ನು ನಮ್ಮ ಊರುಗಳಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸ್ಕ್ಯಾನಿನ ‘ಗ್ರೇಡ್’ ಎಂಬುದು ಮೇದಸ್ಸು ಎಷ್ಟಿದೆಯೆಂಬುದರ ಅಂದಾಜೇ ಹೊರತು, ಯಕೃತ್ತು ಎಷ್ಟು ನಾರುಗಟ್ಟಿದೆಯೆಂಬುದರ ಅಳತೆಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮುಂದೆ ಏನಾಗುವುದೆಂಬುದು ಬಹುಮಟ್ಟಿಗೆ ನಾರಿನಿಂದ ನಿರ್ಣಯವಾಗುತ್ತದೆ. ವಯಸ್ಸು, ರಕ್ತದ ಎರಡು ಕಿಣ್ವಗಳ ಪ್ರಮಾಣ, ಕಿರುಬಿಲ್ಲೆಗಳ ಸಂಖ್ಯೆ ಈ ನಾಲ್ಕರಿಂದ ನಾರಿನ ಸಂಭವವನ್ನು ಲೆಕ್ಕ ಹಾಕುವ ಸುಲಭವಾದ ಸೂತ್ರವೊಂದಿದೆ. ಬೇಕಾದವರಿಗೆ ಯಕೃತ್ತಿನ ಬಿಗಿತವನ್ನು ಅಳೆಯುವ ಯಂತ್ರವೂ ಉಂಟು. ಈ ರೋಗಿಗಳಲ್ಲಿ ಹೆಚ್ಚಿನವರು ಸಾಯುವುದು ಯಕೃತ್ತಿನಿಂದಲ್ಲ, ಹೃದಯದಿಂದ. ಸಕ್ಕರೆಯ ಪರೀಕ್ಷೆಯನ್ನು ಬಿಟ್ಟು ಸೊಪ್ಪನ್ನು ಹುಡುಕುವುದರ ಅಪಾಯ ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಮೊದಲನೆಯ ಡಬ್ಬಿ. ಮಲೆನಾಡಿನಲ್ಲಿ ಕಾಮಾಲೆಗೆ ನಾಟಿ ಔಷಧ ಕೊಡುವ ಮನೆತನಗಳು ಇಂದಿಗೂ ಇವೆ. ನೆಲನೆಲ್ಲಿಯನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕೊಡುವುದು, ಉಪ್ಪು ಎಣ್ಣೆಗಳನ್ನು ಬಿಡಿಸಿ ಪಥ್ಯ ಮಾಡಿಸುವುದು ಮನೆಮನೆಗೂ ತಿಳಿದ ಪದ್ಧತಿ. ಗರುಗದ ಸೊಪ್ಪು, ನೆಲಬೇವು, ಅಮೃತಬಳ್ಳಿ ಇವುಗಳಿಗೂ ಯಕೃತ್ತಿನ ಔಷಧಗಳೆಂಬ ಕೀರ್ತಿ ಉಂಟು. ಈ ಕೀರ್ತಿಯನ್ನು ಹಳಿಯುವುದು ನಮ್ಮ ಇಷ್ಟವಲ್ಲ. ಆದರೆ ಅದು ಹೇಗೆ ಬಂದಿತೆಂಬುದನ್ನು ವಿವೇಚಿಸದೆ ಮುಂದೆ ಹೋಗಲಾಗದು. ಊರಿನಲ್ಲಿ ಕಾಣುವ ಕಾಮಾಲೆಯಲ್ಲಿ ಹೆಚ್ಚಿನದು ಕೆಟ್ಟ ನೀರಿನಿಂದ ಹರಡುವ ವೈರಸ್ಸುಗಳದು. ಅದು ಬಹುತೇಕ ರೋಗಿಗಳಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ತಾನಾಗಿ ಇಳಿಯುವ ರೋಗಕ್ಕೆ ಕೊಟ್ಟ ಯಾವ ಔಷಧಕ್ಕೂ ಯಶಸ್ಸು ತಪ್ಪುವುದಿಲ್ಲ. ಕೊಬ್ಬುಗೂಡಿದ ಯಕೃತ್ತಿನ ಸ್ವಭಾವವಾದರೋ ಇದಕ್ಕೆ ತೀರ ವಿರುದ್ಧ. ಅದು ಹತ್ತಾರು ವರ್ಷ ಸದ್ದಿಲ್ಲದೆ ಕುಳಿತಿರುತ್ತದೆ, ಕಾರಣ ನಿಲ್ಲದೆ ತಾನು ನಿಲ್ಲುವುದಿಲ್ಲ. ಎರಡೂ ಒಂದೇ ಅಂಗದಲ್ಲಿವೆಯೆಂಬುದನ್ನು ಬಿಟ್ಟರೆ ಒಂದರ ಮದ್ದು ಇನ್ನೊಂದಕ್ಕೆ ಆದೀತೆನ್ನಲು ಆಧಾರವಿಲ್ಲ.

ನೆಲನೆಲ್ಲಿಯ ವಿಷಯದಲ್ಲಿ ಇನ್ನೊಂದು ಪಾಠವೂ ಇದೆ. 1988ರಲ್ಲಿ ಮದ್ರಾಸಿನ ಸಂಶೋಧಕರು ಬಿ ಮಾದರಿಯ ಕಾಮಾಲೆ ವೈರಸ್ಸನ್ನು ಬಹುಕಾಲ ಹೊತ್ತವರಿಗೆ ಈ ಗಿಡದ ಚೂರ್ಣವನ್ನು ಕೊಟ್ಟು, ಶೇಕಡಾ 59 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದೂ, ಹುಸಿಗುಳಿಗೆ ಪಡೆದವರಲ್ಲಿ ಶೇಕಡಾ 4ರಷ್ಟು ಮಾತ್ರ ಹಾಗಾಯಿತೆಂದೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಲೋಕವೆಲ್ಲ ಬೆರಗಾಯಿತು. ಮುಂದೆ ಬೇರೆ ಬೇರೆ ಕಡೆಗಳಲ್ಲಿ ನಡೆದ ಪ್ರಯೋಗಗಳಲ್ಲಿ ಆ ಫಲ ಮರಳಿ ದೊರೆಯಲಿಲ್ಲ. ಒಂದು ಕಾರಣ ಗಿಡದ ಗುರುತೇ ಇರಬಹುದೆಂದು ಕೆಲವರು ತರ್ಕಿಸಿದರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. 2010ರಲ್ಲಿ ಪ್ರಕಟವಾದ ಬೆಂಗಳೂರಿನ ವಿಜ್ಞಾನಿಗಳ ಅಧ್ಯಯನವೊಂದರಲ್ಲಿ, ದಕ್ಷಿಣ ಭಾರತದ ಗ್ರಂಥಿಗೆ ಅಂಗಡಿಗಳಿಂದ ಕೊಂಡ ನೆಲನೆಲ್ಲಿಯ ಮಾದರಿಗಳಲ್ಲಿ ಮುಖ್ಯವಾಗಿ ಫಿಲ್ಯಾಂಥಸ್ ಅಮಾರಸ್ ಇದ್ದರೂ ಅದೇ ಕುಲದ ಬೇರೆ ಪ್ರಭೇದಗಳೂ ಬೆರೆತಿದ್ದುದು ಕಂಡುಬಂದಿತು. ಗಾಂಧಿ ಬಜಾರಿನಲ್ಲಿ ಪೊಟ್ಟಣ ಕಟ್ಟಿಸಿಕೊಂಡವರು ಕೊಂಡದ್ದು ಯಾವ ಗಿಡವನ್ನೆಂದು ಎಲೆ ಪುಡಿಯಾದ ಮೇಲೆ ಹೇಳುವವರಾರು?

ಜನರ ಅನುಭವವನ್ನು ವಿಜ್ಞಾನದ ಪರೀಕ್ಷೆಗೆ ಒಡ್ಡಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಡ್ಡಿದ್ದೇವೆ, ಹೇರಳವಾಗಿ ಒಡ್ಡಿದ್ದೇವೆ. ನಮ್ಮ ದೇಶದ ಔಷಧಶಾಸ್ತ್ರದ, ಸಸ್ಯಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ‘ಯಕೃತ್ ರಕ್ಷಕ ಗುಣ’ವನ್ನು ಕುರಿತ ಪ್ರಬಂಧಗಳಿಗೆ ಬರಗಾಲವಿಲ್ಲ. ಅವುಗಳಲ್ಲಿ ಬಹುಪಾಲಿನ ಕ್ರಮ ಒಂದೇ: ಇಲಿಗೆ ಕೆಲವು ದಿನ ಗಿಡದ ಸಾರವನ್ನು ಕುಡಿಸುವುದು, ಬಳಿಕ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷವನ್ನು ಕೊಡುವುದು, ರಕ್ತದಲ್ಲಿ ಯಕೃತ್ತಿನ ಕಿಣ್ವಗಳು ಎಷ್ಟು ಏರಿದುವೆಂದು ಅಳೆಯುವುದು. ಈ ವಿಷವು ತಾನಾಗಿ ಘಾತಕವಲ್ಲ. ಯಕೃತ್ತಿನ ಒಂದು ಕಿಣ್ವವೇ ಅದನ್ನು ಒಡೆದು ಉಗ್ರವಾದ ಮುಕ್ತ ಅಣುತುಣುಕನ್ನಾಗಿ ಮಾಡುತ್ತದೆ. ಆ ತುಣುಕನ್ನು ಹಿಡಿದು ಶಾಂತಗೊಳಿಸುವ ಯಾವ ಕಷಾಯವೂ, ಅಥವಾ ಆ ಕಿಣ್ವವನ್ನು ಮಂಕುಮಾಡುವ ಯಾವ ಪದಾರ್ಥವೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಬಣ್ಣವೂ ಒಗರೂ ಇರುವ ಸೊಪ್ಪುಗಳಲ್ಲಿ ಅನೇಕ ಇದರಲ್ಲಿ ತೇರ್ಗಡೆಯಾಗಿವೆಯೆಂದರೆ ಸೊಪ್ಪುಗಳ ಮಹಿಮೆಗಿಂತ ಪರೀಕ್ಷೆಯ ಔದಾರ್ಯವೇ ಹೆಚ್ಚು ತೋರುತ್ತದೆ. ಈ ವಿಷದಿಂದಲೂ ಯಕೃತ್ತಿನಲ್ಲಿ ಮೇದಸ್ಸು ಸೇರುವುದು ನಿಜ. ಆದರೆ ಅಲ್ಲಿ ಅದು ಸೇರುವುದು ಯಕೃತ್ತು ತನ್ನ ಮೇದಸ್ಸನ್ನು ರಕ್ತಕ್ಕೆ ಸಾಗಿಸಲಾರದೆ ಕುಸಿದುದರಿಂದ. ಭದ್ರಾವತಿಯ ನಮ್ಮ ಹಿರಿಯರು ಕಾರ್ಬನ್ ಟೆಟ್ರಾಕ್ಲೋರೈಡನ್ನು ಕುಡಿದವರಲ್ಲ. ಅವರ ಯಕೃತ್ತಿಗೆ ಮೇದಸ್ಸು ಬಂದ ದಾರಿಯೇ ಬೇರೆ.

ಆ ದಾರಿಯನ್ನು ತಿಳಿಯಲು ಮೂರನೆಯ ಡಬ್ಬಿಯನ್ನು ತೆರೆಯುವುದು ಒಳ್ಳೆಯದು. ಈ ಕಥೆಯ ಅರ್ಧ ಭಾಗ ನಮ್ಮ ಕಾಡಿನಲ್ಲಿಯೂ ನಮ್ಮ ರಾಜ್ಯದ ಪ್ರಯೋಗಶಾಲೆಯಲ್ಲಿಯೂ ನಡೆದಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಉಪ್ಪಗೆ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣದ ಮರ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡುಗಳಲ್ಲಿಯೂ ಉತ್ತರ ಕನ್ನಡದಲ್ಲಿಯೂ ಕೇರಳದಲ್ಲಿಯೂ ಬೆಳೆಯುತ್ತದೆ. ಮುರುಗಲ ಇದರ ದಾಯಾದಿ. ಉಪ್ಪಗೆಯ ಹಣ್ಣು ಚಿಕ್ಕ ಕುಂಬಳದಂತೆ ಏಣೇಣಾಗಿದ್ದು, ಮಾಗಿದಾಗ ಹಳದಿಯಾಗುತ್ತದೆ. ಸಸ್ಯಶಾಸ್ತ್ರಜ್ಞರು ಹಿಂದೆ ಇದನ್ನು ಗಾರ್ಸಿನಿಯಾ ಕ್ಯಾಂಬೋಜಿಯ ಎಂದು ಕರೆಯುತ್ತಿದ್ದರು. ಈಗಿನ ಸರಿಯಾದ ಹೆಸರು ಗಾರ್ಸಿನಿಯಾ ಗಮ್ಮಿ-ಗಟ್ಟ. ವ್ಯಾಪಾರಿಗಳು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ಒಣಗಿಸಿದ ಸಿಪ್ಪೆಯನ್ನು ಮಲೆನಾಡಿನವರು ಹುಳಿಗಾಗಿ ಬಳಸುತ್ತಾರೆ. ಬೀಜದಿಂದ ತೆಗೆದ ಉಪ್ಪಗೆ ತುಪ್ಪ ಅಡುಗೆಗೂ ಒಡೆದ ಹಿಮ್ಮಡಿಗೂ ಆಗುತ್ತದೆ. ಕೇರಳದಲ್ಲಿ ಇದೇ ಕುಡಂಪುಳಿ, ಮೀನಿನ ಸಾರಿಗೆ ಅನಿವಾರ್ಯ. ಮರಕ್ಕೆ ಒಂದು ವಿಚಿತ್ರವಾದ ಸ್ವಭಾವವಿದೆ: ಹಣ್ಣು ಮಾಗುವುದು ಸುರಿಮಳೆಯ ಕಾಲದಲ್ಲಿ. ಬಿಸಿಲಿನಲ್ಲಿ ಒಣಗಿಸುವ ಮಾತೇ ಇಲ್ಲ. ಸೌದೆಯ ಬೆಂಕಿಯ ಮೇಲೆಯೇ ಒಣಗಬೇಕು.

ಈ ಹುಳಿಗೆ ಕಾರಣವಾದ ಆಮ್ಲ ಯಾವುದು? ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವೋ ಹುಣಿಸೆಯ ಟಾರ್ಟಾರಿಕ್ ಆಮ್ಲವೋ ಇರಬೇಕೆಂದು ಹಿಂದಿನವರು ತಿಳಿದಿದ್ದರು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬವರು 1965ರಲ್ಲಿ, ಇದು ಸಿಟ್ರಿಕ್ ಆಮ್ಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಾಗಿ ಅಂಟಿದ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ಒಣಸಿಪ್ಪೆಯ ತೂಕದಲ್ಲಿ ಶೇಕಡಾ 10ರಿಂದ 30ರವರೆಗೂ ಇದೇ ಇರುವುದುಂಟು. ಮೈಸೂರಿನವರಿಗೆ ಇದು ಆಹಾರ ರಸಾಯನದ ಒಂದು ಪ್ರಶ್ನೆ ಮಾತ್ರವಾಗಿತ್ತು. ಆದರೆ 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾನಿಲಯದಲ್ಲಿ ವಾಟ್ಸನ್, ಫಾಂಗ್, ಲೋವೆನ್‌ಸ್ಟೈನ್ ಎಂಬ ಮೂವರು ಈ ಆಮ್ಲವನ್ನು ಒಂದು ಕಿಣ್ವದ ಎದುರಿಗೆ ಇಟ್ಟು ನೋಡಿದರು. ಆ ಕಿಣ್ವದ ಹೆಸರು ಎಟಿಪಿ ಸಿಟ್ರೇಟ್ ಲಯೇಸ್.

ವಾಚಕರು ಈ ಕಿಣ್ವದ ಕೆಲಸವನ್ನು ಸ್ವಲ್ಪ ಗಮನಿಸಬೇಕು. ನಾವು ಅನ್ನವನ್ನೋ ಸಕ್ಕರೆಯನ್ನೋ ಬೇಕಾದುದಕ್ಕಿಂತ ಹೆಚ್ಚಾಗಿ ಉಂಡಾಗ, ಜೀವಕೋಶದ ಮೈಟೊಕಾಂಡ್ರಿಯದೊಳಗೆ ಸಿಟ್ರೇಟ್ ಕೂಡಿಕೊಂಡು ಹೊರಕ್ಕೆ ಬರುತ್ತದೆ. ಹೊರಗಡೆ ಈ ಕಿಣ್ವವು ಅದನ್ನು ಕತ್ತರಿಸಿ, ಮೇದಾಮ್ಲಗಳನ್ನು ಕಟ್ಟಲು ಬೇಕಾದ ಎರಡು ಕಾರ್ಬನ್ನಿನ ಇಟ್ಟಿಗೆಗಳನ್ನು ಒದಗಿಸುತ್ತದೆ. ಅನ್ನವು ಕೊಬ್ಬಾಗುವ ಬಾಗಿಲಿನಲ್ಲಿ ನಿಂತಿರುವ ಕಾವಲುಗಾರ ಇದೇ ಎನ್ನಬಹುದು. ಉಪ್ಪಗೆಯ ಆಮ್ಲ ಆಕಾರದಲ್ಲಿ ಸಿಟ್ರೇಟನ್ನು ಹೋಲುವುದರಿಂದ ಕಿಣ್ವವು ಅದನ್ನೇ ಸಿಟ್ರೇಟೆಂದು ಭ್ರಮಿಸಿ ಹಿಡಿದುಕೊಳ್ಳುತ್ತದೆ, ಕತ್ತರಿಸಲಾರದೆ ಹೋಗುತ್ತದೆ. ಇಲಿಗಳಿಗೆ ಇದನ್ನು ಕೊಟ್ಟಾಗ ಅವುಗಳ ಯಕೃತ್ತಿನಲ್ಲಿ ಮೇದಾಮ್ಲದ ತಯಾರಿಕೆ ನಿಜವಾಗಿಯೂ ಕುಗ್ಗಿತು.

ಯಕೃತ್ತಿನ ಮೇದಸ್ಸಿಗೆ ಇದಕ್ಕಿಂತ ಯುಕ್ತವಾದ ಮೂಲಿಕೆಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಇಲ್ಲಿ ಜನಶ್ರುತಿ ಇಲ್ಲ, ವಿಷವುಂಡ ಇಲಿಯಿಲ್ಲ. ಶುದ್ಧವಾದ ಆಮ್ಲ, ಗೊತ್ತಾದ ಕಿಣ್ವ, ಸರಿಯಾದ ಅಂಗ, ಎಲ್ಲವೂ ಇವೆ. ಹಾಗೆಂದೇ ಶತಮಾನದ ಕೊನೆಯ ದಶಕದಲ್ಲಿ ಉಪ್ಪಗೆಯ ಸಿಪ್ಪೆಗೆ ಹೊರದೇಶಗಳಲ್ಲಿ ಬೇಡಿಕೆ ಹುಟ್ಟಿ, ತೂಕ ಇಳಿಸುವ ಗುಳಿಗೆಯಾಗಿ ಅದು ಅಂಗಡಿಗಳನ್ನು ತುಂಬಿತು. ನಮ್ಮ ಕಾಡಂಚಿನ ಬಡವರಿಗೆ ಮಳೆಗಾಲದಲ್ಲಿ ಅದರಿಂದ ನಾಲ್ಕು ಕಾಸು ದೊರೆಯಿತು. ಸಿಪ್ಪೆಯನ್ನು ಒಣಗಿಸಲು ಕಾಡಿನ ಸೌದೆಯೂ ಲೆಕ್ಕವಿಲ್ಲದೆ ಉರಿಯಿತು.

ಮನುಷ್ಯರಲ್ಲಿ ಏನಾಯಿತು? 1998ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಚ್ಚು ತೂಕದ 135 ಮಂದಿಗೆ 12 ವಾರ ದಿನಕ್ಕೆ 1500 ಮಿಲಿಗ್ರಾಮಿನಂತೆ ಈ ಆಮ್ಲವನ್ನೋ ಹುಸಿಗುಳಿಗೆಯನ್ನೋ ಕೊಟ್ಟರು. ಎರಡೂ ಗುಂಪಿನವರು ಮಿತಾಹಾರದಲ್ಲಿದ್ದರು. ಆಮ್ಲ ಸೇವಿಸಿದವರ ತೂಕ ಸರಾಸರಿ 3.2 ಕಿಲೋ ಇಳಿಯಿತು, ಹುಸಿಗುಳಿಗೆಯವರದು 4.1 ಕಿಲೋ. ವ್ಯತ್ಯಾಸ ಗಣನೆಗೆ ಬರುವಂಥದಲ್ಲವೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಪ್ರಯೋಗ ತೂಕವನ್ನು ಕುರಿತದ್ದು, ಯಕೃತ್ತನ್ನು ಕುರಿತದ್ದಲ್ಲ ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಯಕೃತ್ತಿನ ವಿಷಯದಲ್ಲಿಯೂ ಆಶೆ ಏಕೆ ದೊಡ್ಡದಾಗಬಾರದೆಂಬುದನ್ನು 2005ರಲ್ಲಿ ಮಿನಿಸೋಟದಲ್ಲಿ ನಡೆದ ಸೂಕ್ಷ್ಮವಾದ ಕೆಲಸವೊಂದು ತಿಳಿಸಿತು. ಗುರುತುಮಾಡಿದ ಅಣುಗಳನ್ನು ರೋಗಿಗಳಿಗೆ ಕೊಟ್ಟು, ಅವರ ಯಕೃತ್ತಿನಲ್ಲಿ ನಿಂತ ಮೇದಸ್ಸು ಎಲ್ಲೆಲ್ಲಿಂದ ಬಂದಿತೆಂದು ಅಳೆದರು. ಶೇಕಡಾ 59ರಷ್ಟು ದೇಹದ ಕೊಬ್ಬಿನ ಭಂಡಾರದಿಂದ ರಕ್ತದ ಮೂಲಕ ಸೋರಿಬಂದದ್ದು. ಶೇಕಡಾ 15ರಷ್ಟು ಉಂಡ ಕೊಬ್ಬಿನಿಂದ. ಯಕೃತ್ತು ತಾನೇ ಹೊಸದಾಗಿ ಕಟ್ಟಿಕೊಂಡದ್ದು ಶೇಕಡಾ 26 ಮಾತ್ರ. ಉಪ್ಪಗೆಯ ಆಮ್ಲ ತಡೆಯಬಲ್ಲದ್ದು ಈ ಕೊನೆಯ ಕಾಲುಪಾಲನ್ನು. ಅದೂ ಕರುಳಿನಿಂದ ಸಾಕಷ್ಟು ಪ್ರಮಾಣದಲ್ಲಿ ಯಕೃತ್ತನ್ನು ಮುಟ್ಟಿದರೆ, ಮುಟ್ಟಿದ ಮೇಲೂ ಅಸಿಟೇಟಿನಿಂದ ಅದೇ ಇಟ್ಟಿಗೆಗಳನ್ನು ಮಾಡುವ ಇನ್ನೊಂದು ಕಿಣ್ವ ಸುಮ್ಮನಿದ್ದರೆ. ಅನ್ನದಿಂದ ಕೊಬ್ಬು ಕಟ್ಟುವುದರಲ್ಲಿ ಇಲಿಯ ಯಕೃತ್ತು ನಮ್ಮದಕ್ಕಿಂತ ಬಹಳ ಚುರುಕು. ಇಲಿಗೆ ಒಪ್ಪಿದ ಲೆಕ್ಕ ನಮಗೆ ಒಪ್ಪದಿರುವುದರಲ್ಲಿ ಆಶ್ಚರ್ಯವಿಲ್ಲ. ಆ ಕಿಣ್ವವೇ ನಿಷ್ಪ್ರಯೋಜಕವಾದ ಗುರಿಯೆಂದು ಮಾತ್ರ ತಿಳಿಯಬಾರದು. ಅದನ್ನೇ ತಡೆಯುವ ಬೆಂಪೆಡೋಯಿಕ್ ಆಮ್ಲವೆಂಬ ಸಂಶ್ಲೇಷಿತ ಔಷಧ 2020ರಲ್ಲಿ ಕೊಲೆಸ್ಟರಾಲ್ ಇಳಿಸಲು ಅಮೆರಿಕದಲ್ಲಿ ಮಂಜೂರಾಯಿತು.

ಫಲವಿಲ್ಲದಿದ್ದರೆ ಹಾನಿಯಾದರೂ ಇಲ್ಲವಷ್ಟೆ ಎಂಬ ಸಮಾಧಾನವೂ ಉಳಿಯಲಿಲ್ಲ. ಔಷಧಗಳಿಂದ ಯಕೃತ್ತಿಗೆ ಆಗುವ ಅಪಾಯಗಳನ್ನು ದಾಖಲಿಸುವ ಅಮೆರಿಕದ ವೈದ್ಯಜಾಲವು 2004ರಿಂದ 2018ರವರೆಗಿನ ತನ್ನ ರೋಗಿಗಳಲ್ಲಿ 22 ಮಂದಿಗೆ ಉಪ್ಪಗೆಯಿದ್ದ ಗುಳಿಗೆಗಳಿಂದ ಯಕೃತ್ತು ಕೆಟ್ಟಿತೆಂದು ನಿರ್ಣಯಿಸಿ 2022ರಲ್ಲಿ ಪ್ರಕಟಿಸಿತು. ಅವರಲ್ಲಿ ಅನೇಕರ ಗುಳಿಗೆಯಲ್ಲಿ ಹಸುರು ಚಹಾದ ಸಾರವೂ ಬೆರೆತಿತ್ತಾದ್ದರಿಂದ ದೋಷವನ್ನೆಲ್ಲ ಉಪ್ಪಗೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಆದರೆ ಉಪ್ಪಗೆ ಮಾತ್ರ ಇದ್ದ ಪ್ರಸಂಗಗಳೂ ಅದರಲ್ಲಿ ಇದ್ದುವು. ಎಚ್‌ಎಲ್‌ಎ-ಬಿ*35:01 ಎಂಬ ಆನುವಂಶಿಕ ಗುರುತು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿತ್ತು. ಎಲ್ಲರಿಗೂ ತಾಗದೆ ಕೆಲವರಿಗೆ ಮಾತ್ರ ತಾಗುವ ಇಂಥ ಅಪಾಯವನ್ನು ‘ನನ್ನ ಪಕ್ಕದ ಮನೆಯವರಿಗೆ ಏನೂ ಆಗಲಿಲ್ಲ’ ಎಂಬ ಸಾಕ್ಷ್ಯದಿಂದ ತಳ್ಳಿಹಾಕಲಾಗದು. ಸಾರಿನಲ್ಲಿ ಹಾಕುವ ಎರಡು ಚೂರು ಸಿಪ್ಪೆಗೆ ಈ ಮಾತು ಅನ್ವಯಿಸುವುದಿಲ್ಲ. ಅಡುಗೆಗೂ ಗುಳಿಗೆಗೂ ಇರುವ ಅಂತರವೇ ಈ ಪ್ರಕರಣದ ತಿರುಳು.

ಎರಡನೆಯ ಡಬ್ಬಿಯಾದ ಅರಿಶಿನದಲ್ಲಿ ಆ ಅಂತರ ಇನ್ನೂ ಸ್ಪಷ್ಟ. ಅರಿಶಿನದ ಕುರ್ಕುಮಿನ್ ಎಂಬ ಹಳದಿ ಪದಾರ್ಥ ಕರುಳಿನಿಂದ ರಕ್ತಕ್ಕೆ ಹೋಗುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು, 2 ಗ್ರಾಮ್ ಕುರ್ಕುಮಿನ್ನಿನೊಡನೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಮ್ ಬೆರೆಸಿ ಕೊಟ್ಟರೆ ಮನುಷ್ಯರ ರಕ್ತಕ್ಕೆ ಅದು ಸೇರುವ ಪ್ರಮಾಣ ಶೇಕಡಾ 2000ದಷ್ಟು ಏರುವುದೆಂದು ತೋರಿಸಿದರು. ಪೈಪರಿನ್ ಇದನ್ನು ಸಾಧಿಸುವುದು ಹೊರಗಿನ ಪದಾರ್ಥಗಳನ್ನು ಯಕೃತ್ತು ಕರುಳುಗಳು ಕಳೆಯುವ ಕ್ರಮವನ್ನೇ ತಡೆದು. ಅಂದರೆ ನಮ್ಮ ದೇಹ ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಅತಿಥಿಯನ್ನು ಕಾವಲುಗಾರನ ಕೈಕಟ್ಟಿ ಒಳಕ್ಕೆ ಬಿಟ್ಟಂತಾಯಿತು. ಹುಳಿಯಲ್ಲಿ ಚಿಟಿಕೆ ಅರಿಶಿನ ಹಾಕಿದ ತಲೆಮಾರುಗಳ ಕ್ಷೇಮವು ಈ ಗುಳಿಗೆಯ ಕ್ಷೇಮಕ್ಕೆ ಜಾಮೀನಾಗುವುದಿಲ್ಲ. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಗುಳಿಗೆಗಳಿಂದ ಯಕೃತ್ತಿನ ಉರಿಯೂತವಾದ ಪ್ರಸಂಗಗಳು ವರದಿಯಾದುವು. ಮೇಲೆ ಹೇಳಿದ ಅಮೆರಿಕದ ಜಾಲವೂ ಬಳಿಕ ಇಂಥ 10 ಪ್ರಸಂಗಗಳನ್ನು ಪ್ರಕಟಿಸಿತು. ಒಬ್ಬರು ತೀರಿಕೊಂಡಿದ್ದರು, ಏಳು ಮಂದಿಯಲ್ಲಿ ಉಪ್ಪಗೆಯ ಪ್ರಕರಣದಲ್ಲಿ ಕಂಡ ಆ ಆನುವಂಶಿಕ ಗುರುತೇ ಇತ್ತು. ಅಮೃತಬಳ್ಳಿಯ ಮಾತನ್ನೂ ಇಲ್ಲಿ ಬಿಡಲಾಗದು. ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಅದರ ಕಷಾಯವನ್ನು ಕುಡಿಯದ ಮನೆ ವಿರಳ. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದ 6 ಮಂದಿಯಲ್ಲಿ ಯಕೃತ್ತಿನ ಉರಿಯೂತವನ್ನು ವರ್ಣಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ಅದೇ ಕುಲದ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದೆಂದು ವಾದಿಸಿತು. ವಾದ ಯಾವ ಕಡೆಗೆ ತೀರಿದರೂ ಗಿಡದ ಗುರುತಿನ ಪ್ರಶ್ನೆ ಮತ್ತೆ ಸಸ್ಯಶಾಸ್ತ್ರದವರ ಬಾಗಿಲಿಗೇ ಬರುತ್ತದೆ.

ಹಾಗಾದರೆ ಸಸ್ಯಮೂಲದ ಯಾವುದೂ ಮನುಷ್ಯರಲ್ಲಿ ಪ್ರಯೋಗವನ್ನು ದಾಟಿಲ್ಲವೇ? ಕೆಲವು ದಾಟಿವೆ, ಅಥವಾ ಅರ್ಧ ದಾಟಿವೆ. ಸಸ್ಯದ ಎಣ್ಣೆಗಳಿಂದ ದೊರೆಯುವ ಸಹಜರೂಪದ ಇ ಜೀವಸತ್ವವನ್ನು ದಿನಕ್ಕೆ 800 ಘಟಕಗಳಂತೆ 96 ವಾರ ಕೊಟ್ಟಾಗ, ಉರಿಯೂತವೂ ಇದ್ದ ಮಧುಮೇಹವಿಲ್ಲದ ರೋಗಿಗಳಲ್ಲಿ ಶೇಕಡಾ 43 ಮಂದಿ ಸುಧಾರಿಸಿದರೆಂದು 2010ರ ಪ್ರಯೋಗ ಹೇಳಿತು. ಹುಸಿಗುಳಿಗೆಯವರಲ್ಲಿ ಶೇಕಡಾ 19. ಆದರೆ 2011ರಲ್ಲಿ ಬೇರೊಂದು ದೊಡ್ಡ ಅಧ್ಯಯನದಲ್ಲಿ, ಇ ಜೀವಸತ್ವವನ್ನು ವರ್ಷಗಟ್ಟಲೆ ಸೇವಿಸಿದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಆದುದರಿಂದ ಇದು ವೈದ್ಯರ ಕೈಯಲ್ಲಿರಬೇಕಾದ ವಸ್ತು. ಯುರೋಪಿನ ಹಾಲುಮುಳ್ಳುಗಿಡದ ಸಿಲಿಮರಿನ್ನನ್ನು ಮಲೇಷಿಯದಲ್ಲಿ 99 ರೋಗಿಗಳ ಮೇಲೆ 48 ವಾರ ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಫಲದಂತೆ, ಮೊದಲೇ ಗೊತ್ತುಮಾಡಿಕೊಂಡ ಮುಖ್ಯ ಅಳತೆಯಲ್ಲಿ ಅದು ಹುಸಿಗುಳಿಗೆಯನ್ನು ಮೀರಲಿಲ್ಲ. ನಾರಿನ ವಿಷಯದಲ್ಲಿ ಮಾತ್ರ ಸ್ವಲ್ಪ ಆಶೆ ತೋರಿಸಿತು. ಕಾಫಿ ಕುಡಿಯುವವರಲ್ಲಿ ಯಕೃತ್ತು ನಾರುಗಟ್ಟುವುದು ಕಡಮೆಯೆಂದು ಅನೇಕ ಸಮೀಕ್ಷೆಗಳು ಹೇಳುತ್ತವೆ. ನೆರೆಯ ಚಿಕ್ಕಮಗಳೂರಿನವರಿಗೆ ಇದು ಸಂತೋಷದ ಸುದ್ದಿ; ಆದರೆ ಸಮೀಕ್ಷೆ ಪ್ರಯೋಗವಲ್ಲ, ಮೂರು ಚಮಚ ಸಕ್ಕರೆ ಹಾಕಿದ ನಮ್ಮ ಹೋಟೆಲ್ ಕಾಫಿಯ ಮಾತನ್ನು ಅವರು ಹೇಳಿಲ್ಲ.

ವೈದ್ಯರು ಹೇಳುವ ನೀರಸವಾದ ಮಾತಿಗೆ ಇರುವ ಆಧಾರವನ್ನು ಇವುಗಳ ಪಕ್ಕದಲ್ಲಿಟ್ಟು ನೋಡಬೇಕು. ಕ್ಯೂಬಾದಲ್ಲಿ 293 ಮಂದಿ ರೋಗಿಗಳು ಒಂದು ವರ್ಷ ಆಹಾರ, ನಡಿಗೆಗಳ ನಿಯಮವನ್ನು ಅನುಸರಿಸಿದರು. ಮೊದಲೂ ಕೊನೆಯೂ ಯಕೃತ್ತಿನ ಚೂರನ್ನು ತೆಗೆದು ನೋಡಿದರು. 2015ರಲ್ಲಿ ಪ್ರಕಟವಾದ ಫಲ ಇದು: ತೂಕದ ಶೇಕಡಾ 10ರಷ್ಟನ್ನು ಇಳಿಸಿದವರಲ್ಲಿ ಶೇಕಡಾ 90 ಮಂದಿಯ ಉರಿಯೂತ ಮಾಯವಾಗಿತ್ತು, ಶೇಕಡಾ 45 ಮಂದಿಯಲ್ಲಿ ನಾರೂ ಹಿಂದೆ ಸರಿದಿತ್ತು. ಯಾವ ಸೊಪ್ಪೂ ಇದರ ಹತ್ತಿರಕ್ಕೆ ಬಂದಿಲ್ಲ. ಆದರೆ ಅಷ್ಟು ಇಳಿಸಿದವರು ಹತ್ತರಲ್ಲಿ ಒಬ್ಬರು ಮಾತ್ರ. ಡಬ್ಬಿಗಳು ಮಾರಾಟವಾಗುವ ಗುಟ್ಟು ಇಲ್ಲಿದೆಯೆಂದು ನಮಗೆ ತೋರುತ್ತದೆ. ಜನ ಮೂರ್ಖರೆಂದಲ್ಲ, ಹೇಳಿದ ಮದ್ದು ಕಠಿನವಾದುದೆಂದು. 70 ಕಿಲೋ ತೂಗುವವರು 5 ಕಿಲೋ ಇಳಿಸಿದರೂ ಸಾಕಷ್ಟು ಗುಣ ಕಾಣುತ್ತದೆಯೆಂಬುದನ್ನು, ಮದ್ಯವನ್ನು ಪೂರ್ತಿ ಬಿಡಬೇಕೆಂಬುದನ್ನು, ಅನ್ನದ ರಾಶಿಯನ್ನು ಕಿರಿದುಮಾಡಿ ಕಾಳು ತರಕಾರಿಗಳನ್ನು ಹಿರಿದುಮಾಡಬೇಕೆಂಬುದನ್ನು ನಾವು ಆ ಹಿರಿಯರಿಗೆ ಹೇಳಿದೆವು. ಕಾರ್ಖಾನೆಗೆ ಸೈಕಲ್ ತುಳಿದು ಹೋಗಿ ಎಂಟು ಗಂಟೆ ಮೈಮುರಿದು ದುಡಿದ ಕಾಲದಲ್ಲಿ ಉಣ್ಣುತ್ತಿದ್ದಷ್ಟನ್ನೇ ಅವರು ಈಗಲೂ ಉಣ್ಣುತ್ತಿದ್ದರು. ನಾರು ಮುಂದುವರಿದವರಿಗೆ ಈಗ ಔಷಧಗಳೂ ಬಂದಿವೆ: ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರೋಮ್, 2025ರಲ್ಲಿ ಸೆಮಾಗ್ಲುಟೈಡ್ ಮಂಜೂರಾದುವು. ಅವು ಸ್ಕ್ಯಾನಿನ ಮೊದಲನೆಯ ಗ್ರೇಡಿಗೆ ಕೊಡುವಂಥವಲ್ಲ.

ಕೊನೆಯದಾಗಿ ಅಧ್ಯಾಪಕರೊಡನೆ ಕೆಲಸದ ಒಂದೆರಡು ಮಾತು. ನಮ್ಮ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿವರ್ಷವೂ ಒಂದೊಂದು ಹೊಸ ಸೊಪ್ಪಿನ ‘ಯಕೃತ್ ರಕ್ಷಕ ಗುಣ’ವನ್ನು ಹುಡುಕಲು ಹೊರಡುತ್ತಾರೆ. ಅದರ ಬದಲು ಅಂಗಡಿಯ ನೆಲನೆಲ್ಲಿ, ಅಮೃತಬಳ್ಳಿಗಳ ಪೊಟ್ಟಣಗಳನ್ನು ಕೊಂಡು ಸೂಕ್ಷ್ಮದರ್ಶಕದಲ್ಲಿಯೂ ಡಿಎನ್‌ಎ ಗುರುತಿನಿಂದಲೂ ಪರೀಕ್ಷಿಸಿ, ಪ್ರಭೇದವನ್ನು ದಾಖಲಿಸಿ, ಹರ್ಬೇರಿಯಮ್ಮಿನಲ್ಲಿ ಮಾದರಿಯನ್ನು ಉಳಿಸುವ ಕೆಲಸವನ್ನು ಅವರಿಗೆ ಕೊಟ್ಟರೆ ಊರಿಗೂ ಉಪಯೋಗ, ಶಾಸ್ತ್ರಕ್ಕೂ ಉಪಯೋಗ. ಆಸ್ಪತ್ರೆಯಲ್ಲಿ ‘ಯಾವ ಔಷಧ ತೆಗೆದುಕೊಳ್ಳುತ್ತೀರಿ’ ಎಂದು ಕೇಳಿದಾಗ ರೋಗಿಗಳು ಕಷಾಯವನ್ನೂ ಗುಳಿಗೆಯನ್ನೂ ಹೇಳುವುದಿಲ್ಲ. ಅವರ ಲೆಕ್ಕದಲ್ಲಿ ಅದು ಔಷಧವಲ್ಲ. ಕಾನೂನಿನ ಲೆಕ್ಕದಲ್ಲಿಯೂ ಇಂಥ ಡಬ್ಬಿಗಳಲ್ಲಿ ಅನೇಕವು 2006ರ ಆಹಾರ ಸುರಕ್ಷತಾ ಕಾಯಿದೆಗೆ ಸೇರಿದ ಆಹಾರ ಪೂರಕಗಳೇ ಹೊರತು ಔಷಧಗಳಲ್ಲ, ರೋಗ ವಾಸಿಮಾಡುವೆವೆಂದು ಹೇಳಿಕೊಳ್ಳಲು ಅವಕ್ಕೆ ಅಧಿಕಾರವಿಲ್ಲ. ಕೇಳುವವರೇ ‘ಸೊಪ್ಪು, ಪುಡಿ, ಗುಳಿಗೆ, ಕಷಾಯ ಏನಾದರೂ ಉಂಟೇ’ ಎಂದು ಬಿಡಿಸಿ ಕೇಳಬೇಕು. ನಮ್ಮ ಹಿರಿಯರಿಗೆ ನಾವು ಕೊಟ್ಟ ಸಲಹೆ ಇಷ್ಟೆ: ಉಪ್ಪಗೆ, ಅರಿಶಿನಗಳ ಗುಳಿಗೆಯನ್ನು ಇಂದೇ ನಿಲ್ಲಿಸಿ, ಮೂರು ಡಬ್ಬಿಗಳನ್ನೂ ಅದೇ ಬಟ್ಟೆಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೋಗಿ, ಸಕ್ಕರೆಯ ಪರೀಕ್ಷೆಯನ್ನೂ ಕಿಣ್ವಗಳ ಪರೀಕ್ಷೆಯನ್ನೂ ಮಾಡಿಸಿರಿ. ಹೊರಡುವಾಗ ಅವರು, ಉಪ್ಪಗೆ ಹುಳಿಯ ಸಾರನ್ನೂ ಬಿಡಬೇಕೇ ಎಂದು ಕೇಳಿದರು. ಬೇಡವೆಂದೆವು.